ಬಾಗಿಲು ತಟ್ಟುವವರು ಯಾರು? ಕಡಿಮೆ ಬಾಡಿಗೆಯ ಮನೆಗಳಲ್ಲಿ ಹಿರಿಯರು ಸ್ವತಂತ್ರವಾಗಿ ಬಾಳಲು ನೆರವಾಗುವ ಬಗೆ

ಟೋಕಿಯೊ ಪಕ್ಕದ ಮಾತ್ಸುಡೊ ನಗರದಲ್ಲಿ ಟೋಕಿವಾದೈರಾ ಎಂಬ ದೊಡ್ಡ ಬಾಡಿಗೆ ವಸತಿ ಸಮುಚ್ಚಯವಿದೆ. 2000ನೇ ಇಸವಿಯಲ್ಲಿ ಅಲ್ಲಿನ ಒಂದು ಮನೆಯ ಬಾಗಿಲು ತೆಗೆಸಿದಾಗ 69 ವರ್ಷದ ಒಬ್ಬರ ಅಸ್ಥಿಪಂಜರ ಸಿಕ್ಕಿತು. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಬಾಡಿಗೆ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಟ್ ಆಗುತ್ತಿದ್ದರಿಂದ ಖಾತೆಯಲ್ಲಿ ಹಣ ಇರುವವರೆಗೂ ಯಾರಿಗೂ ಸಂಶಯ ಬರಲಿಲ್ಲ. ಆಮೇಲೆ ಅಲ್ಲಿನ ನಿವಾಸಿಗಳೇ ಸೇರಿ, ತಮ್ಮ ಸಮುಚ್ಚಯದಲ್ಲಿ ಇನ್ನು ಯಾರೂ ಹೀಗೆ ಒಂಟಿಯಾಗಿ ಸಾಯಬಾರದು ಎಂದು ಅಭಿಯಾನ ಶುರುಮಾಡಿದರು.

ಕೈಗೆಟುಕುವ ಬಾಡಿಗೆಗೆ ಮನೆ ಕೊಟ್ಟಾಯಿತು, ಬಾಡಿಗೆಯೂ ಸರಿಯಾಗಿ ಬರುತ್ತಿದೆ, ಹಾಗಾದರೆ ಒಳಗಿರುವವರು ಚೆನ್ನಾಗಿಯೇ ಇದ್ದಾರೆ ಎಂಬ ಲೆಕ್ಕ ಎಷ್ಟು ತಪ್ಪು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ. ನಾನು ಇಂಥ ಕಟ್ಟಡಗಳಲ್ಲಿ ಹಿರಿಯರ ಜೊತೆ ಕೆಲಸ ಮಾಡುವವಳು. ಅವರು ಮನೆ ಬಿಡಬೇಕಾಗಿ ಬರುವುದು ಸಾಮಾನ್ಯವಾಗಿ ಒಂದು ದೊಡ್ಡ ಕಾಯಿಲೆಯಿಂದಲ್ಲ. ಬಚ್ಚಲಲ್ಲಿ ಕಾಲು ಜಾರಿರುತ್ತದೆ, ಬಂದ ನೋಟಿಸನ್ನು ಒಡೆದೇ ನೋಡಿರುವುದಿಲ್ಲ, ಒಂದೇ ಮಾತ್ರೆಯನ್ನು ಎರಡು ಹೆಸರಿನಲ್ಲಿ ನುಂಗಿರುತ್ತಾರೆ. ಇವೆಲ್ಲ ಕೆಲವು ವಾರ ಮೊದಲೇ ಕಣ್ಣಿಗೆ ಬೀಳುವಂಥವು, ನೋಡುವವರೊಬ್ಬರು ಇದ್ದರೆ. ಕಟ್ಟಡ ನಡೆಸುವ ಸಂಸ್ಥೆಯವರು, ನಿವಾಸಿಗಳ ಸಂಘದವರು, ಸ್ವಯಂಸೇವಕರು, ದೂರದಲ್ಲಿರುವ ಮಕ್ಕಳು, ಯಾರೇ ಆಗಲಿ, ಎಲ್ಲಿಂದ ಶುರುಮಾಡಬೇಕು ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಕಟ್ಟಡಕ್ಕೆ ಒಬ್ಬರನ್ನು ಗೊತ್ತುಮಾಡಿ

ಎಲ್ಲರೂ ನೋಡಿಕೊಳ್ಳುತ್ತಾರೆ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಹಿರಿಯರಿಗೆ ಹೆಸರು, ಮುಖ, ಫೋನ್ ನಂಬರ್ ಗೊತ್ತಿರುವ ಒಬ್ಬ ವ್ಯಕ್ತಿ ಬೇಕು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಸ್ಯಾಶ್ ಎಂಬ ಕಾರ್ಯಕ್ರಮ ಕಡಿಮೆ ಬಾಡಿಗೆಯ ವಸತಿ ಕಟ್ಟಡಗಳನ್ನೇ ನೆಲೆಯಾಗಿ ಮಾಡಿಕೊಂಡು 2011ರಿಂದ ರಾಜ್ಯದ ಉದ್ದಗಲಕ್ಕೂ ನಡೆಯುತ್ತಿದೆ. ಅಲ್ಲಿನ ಲೆಕ್ಕ ಸರಳ. ಸುಮಾರು 100 ಜನಕ್ಕೆ ಪೂರ್ಣಾವಧಿಯ ಒಬ್ಬ ಕೋಆರ್ಡಿನೇಟರ್, ಜೊತೆಗೆ ಕಾಲುಭಾಗ ಸಮಯ ಕೊಡುವ ಒಬ್ಬ ನರ್ಸ್. ನಿಮ್ಮಲ್ಲಿ ಅಷ್ಟು ಹಣವಿಲ್ಲದಿದ್ದರೆ ಅಕ್ಕಪಕ್ಕದ ಎರಡು ಮೂರು ಕಟ್ಟಡಗಳು ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು. ವಾರಕ್ಕೆ ಎರಡು ದಿನವಾದರೂ ಸರಿ, ಆ ದಿನಗಳು ಬದಲಾಗಬಾರದು.

ಇಲ್ಲಿ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಬಾಡಿಗೆ ವಸೂಲಿ ಮಾಡುವವರು ಮತ್ತು ಈ ವ್ಯಕ್ತಿ ಒಬ್ಬರೇ ಆಗಿರಬಾರದು. ಮನೆ ಖಾಲಿ ಮಾಡಿಸುವ ಅಧಿಕಾರ ಇರುವವರ ಮುಂದೆ, ಕಳೆದ ವಾರ ಬಿದ್ದೆ ಎಂದು ಯಾವ ಹಿರಿಯರೂ ಬಾಯಿಬಿಡುವುದಿಲ್ಲ. ಮಂಡಿಯ ಮೇಲಿನ ಹಸಿರುಗಟ್ಟಿದ ಗಾಯವನ್ನು ಸೆರಗೋ ಪ್ಯಾಂಟೋ ಎಳೆದುಕೊಂಡು ಮುಚ್ಚಿಡುತ್ತಾರೆ. ನಾವು ಕಂಡದ್ದು ಆಫೀಸಿನ ಫೈಲಿಗೆ ಹೋಗುವುದಿಲ್ಲ ಎಂದು ಮೊದಲ ದಿನವೇ ಹೇಳಬೇಕು, ಯಾರಿಗೆ ಏನನ್ನು ತಿಳಿಸಬಹುದು ಎಂಬುದಕ್ಕೆ ಅವರಿಂದಲೇ ಬರಹದಲ್ಲಿ ಒಪ್ಪಿಗೆ ಪಡೆಯಬೇಕು.

ಕಸ ಗುಡಿಸುವವರು, ಕಾವಲುಗಾರರು, ಪ್ಲಂಬರ್, ಲಿಫ್ಟ್ ರಿಪೇರಿಯವರು ದಿನಾ ಕಾಣುವಷ್ಟನ್ನು ಯಾವ ಡಾಕ್ಟರೂ ಕಾಣುವುದಿಲ್ಲ. ಅಂಚೆ ಡಬ್ಬಿ ತುಂಬಿ ತುಳುಕುತ್ತಿದೆ, ಹಗಲಿನಲ್ಲೂ ಪರದೆ ಸರಿಸಿಲ್ಲ, ಒಂದೇ ಬಟ್ಟೆಯಲ್ಲಿ ನಾಲ್ಕು ದಿನ ಕಂಡರು, ಮನೆಯಿಂದ ವಾಸನೆ ಬರುತ್ತಿದೆ. ಇಂಥದ್ದು ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂದು ಅವರಿಗೆ ಒಂದು ಗಂಟೆ ಕೂರಿಸಿ ಹೇಳಿಕೊಡಿ. ಅವರ ಮಾತಿಗೆ ಬೆಲೆ ಕೊಡಿ, ಫೋನ್ ಮಾಡಿದ ಮೇಲೆ ಏನಾಯಿತು ಎಂದು ಅವರಿಗೂ ತಿಳಿಸಿ.

ಹಂತ 2: ಮೊದಲ ಭೇಟಿಯಲ್ಲಿ ಫಾರಂ ತೆಗೆಯಬೇಡಿ

ನಿಮಗೆ ಏನಾದರೂ ಸಹಾಯ ಬೇಕಾ ಎಂದು ಕೇಳಿದರೆ, ಏನೂ ಬೇಡಪ್ಪಾ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು, ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಮಾಡಿದಿರಿ ಹೇಳಿ ಎಂದು ಕೇಳಿ. ಸುಮ್ಮನೆ ಕೇಳುತ್ತಾ ಕೂತರೆ ಎಲ್ಲಿ ತಡವರಿಸುತ್ತಾರೆ ಎಂಬುದು ತಿಳಿಯುತ್ತದೆ.

ಮನಸ್ಸಿನಲ್ಲಿ ಮಾತ್ರ ಎರಡು ಪಟ್ಟಿ ಇರಲಿ. ಒಂದು, 1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಆರು ಮೂಲ ಕೆಲಸಗಳದ್ದು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆ ಕುರ್ಚಿಗಳಿಂದ ಏಳುವುದು, ಮಲಮೂತ್ರದ ಹಿಡಿತ, ಊಟ ಮಾಡುವುದು. ಇನ್ನೊಂದು, 1969ರಲ್ಲಿ ಅಲ್ಲಿನವರೇ ಆದ ಸಂಶೋಧಕರು ಲಾಟನ್ ಮತ್ತು ಬ್ರಾಡಿ ಕೊಟ್ಟ ಎಂಟು: ಫೋನ್, ಅಂಗಡಿಗೆ ಹೋಗುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧಿ, ಹಣಕಾಸು. ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಎರಡನೆಯ ಪಟ್ಟಿಯವು. ಲೆಕ್ಕ, ಮಾತ್ರೆ, ಅಂಗಡಿ ಇವುಗಳಲ್ಲಿ ಎಡವುತ್ತಿದ್ದಾರೆ ಅಂದರೆ ಇದೇ ಸಕಾಲ. ಸ್ನಾನವೇ ಕಷ್ಟವಾಗಿದೆ ಅಂದರೆ ನಾವು ಬಂದದ್ದು ಸ್ವಲ್ಪ ತಡವಾಯಿತು ಎಂದರ್ಥ, ಆದರೂ ಮಾಡುವುದಕ್ಕೆ ಬೇಕಾದಷ್ಟಿದೆ.

ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ರಾತ್ರಿ ನಿದ್ದೆ ಬರುವುದಿಲ್ಲ ಅನ್ನುತ್ತಿದ್ದರು. ನಿದ್ದೆಮಾತ್ರೆ ಬರೆಸಿಕೊಳ್ಳುವುದರಲ್ಲಿದ್ದರು. ದಿನಚರಿ ಕೇಳುತ್ತಾ ಹೋದಾಗ, "ಮಂಚದ ಮೇಲೆ ಎಲ್ಲಮ್ಮಾ ಮಲಗೋದು, ಈ ಕುರ್ಚೀಲೇ ಒರಗ್ತೀನಿ" ಅಂದರು. ಯಾಕೆ ಎಂದರೆ ಮಂಚ ತಗ್ಗು, ಒಮ್ಮೆ ಮಲಗಿದರೆ ಏಳಲಾಗುವುದಿಲ್ಲ. ಒಮ್ಮೆ ಏಳಲಾಗದೆ ಹಾಸಿಗೆ ಒದ್ದೆಯಾಗಿತ್ತು, ಆ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಮಂಚದ ನಾಲ್ಕು ಕಾಲಿಗೂ ಗಟ್ಟಿಯಾದ ಮರದ ಬುಡ ಕೊಟ್ಟು, ಪಾದ ನೆಲಕ್ಕೆ ಊರಿ ಕೂತಾಗ ಮಂಡಿಗಿಂತ ಸೊಂಟ ಒಂದಿಷ್ಟು ಮೇಲಿರುವಂತೆ ಎತ್ತರಿಸಿದೆವು. ಮಾತ್ರೆಯ ಅಗತ್ಯವೇ ಬೀಳಲಿಲ್ಲ. ನಾನು ಮೊದಲು ಅವರಿಗೆ ಮನೆಗೆಲಸದವರನ್ನು ಗೊತ್ತುಮಾಡಲು ಓಡಾಡುತ್ತಿದ್ದೆ. ಅದು ನನ್ನ ತಪ್ಪು. ಅವರಿಗೆ ಏನು ಬೇಕು ಎಂದು ಕೇಳುವ ಮೊದಲೇ ನಾನು ತೀರ್ಮಾನಿಸಿಬಿಟ್ಟಿದ್ದೆ.

ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ನರ್ಸಿಂಗ್ ಶಾಲೆಯಲ್ಲಿ ಸಾರಾ ಸಾಂಟನ್ ರೂಪಿಸಿದ ಕೇಪಬಲ್ ಎಂಬ ಪದ್ಧತಿಯ ತಿರುಳೂ ಇದೇ. ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ತಜ್ಞರು), ನರ್ಸ್, ರಿಪೇರಿ ಕೆಲಸದವರು ಈ ಮೂವರು ನಾಲ್ಕೈದು ತಿಂಗಳಲ್ಲಿ ಕೆಲವೇ ಸಲ ಮನೆಗೆ ಬರುತ್ತಾರೆ. ಏನನ್ನು ಸರಿಮಾಡಬೇಕು ಎಂದು ನಿರ್ಧರಿಸುವವರು ಹಿರಿಯರೇ. ಕಡಿಮೆ ಆದಾಯದವರ ನಡುವೆ ಇದನ್ನು ಮಾಡಿ ನೋಡಿದಾಗ, ಸ್ನಾನ, ಬಟ್ಟೆ ಹಾಕಿಕೊಳ್ಳುವಂಥ ದಿನನಿತ್ಯದ ಎಂಟು ಕೆಲಸಗಳಲ್ಲಿ ಸರಾಸರಿ ನಾಲ್ಕರಲ್ಲಿ ಕಷ್ಟಪಡುತ್ತಿದ್ದವರು ಐದು ತಿಂಗಳ ನಂತರ ಎರಡಕ್ಕೆ ಇಳಿದಿದ್ದರು.

ಹಂತ 3: ಮನೆಯನ್ನು ಅವರ ದೇಹಕ್ಕೆ ಹೊಂದಿಸಿ

ದುಡ್ಡು ಕಡಿಮೆ ಇದ್ದರೆ ಎಲ್ಲವನ್ನೂ ಬಚ್ಚಲಿಗೆ ಮತ್ತು ಟಾಯ್ಲೆಟ್ಟಿಗೆ ಹಾಕಿ. ನೀರು, ಸೋಪು, ಬರಿಗಾಲು, ತಿರುಗಲು ಜಾಗವಿಲ್ಲದಿರುವುದು ಎಲ್ಲ ಅಲ್ಲೇ ಕೂಡುತ್ತವೆ.

ಗೋಡೆಗೆ ಹಾಕುವ ಹಿಡಿಕೆ ನೆಲದಿಂದ ಸುಮಾರು 84ರಿಂದ 91 ಸೆಂಟಿಮೀಟರ್ ಎತ್ತರದಲ್ಲಿರಲಿ. ಆದರೆ ಅಳತೆಯ ಪಟ್ಟಿಗಿಂತ ಅವರನ್ನೇ ಕರೆದು, ನೀರು ಹಾಕದೆ, ಕೂರಿಸಿ ಏಳಿಸಿ, ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕುವುದು ಮೇಲು. ಪಾರ್ಶ್ವವಾಯು ಆದವರಾದರೆ ಬಲ ಉಳಿದಿರುವ ಕೈಯ ಕಡೆಗೇ ಹಿಡಿಕೆ ಬರಬೇಕು. ಗೋಡೆಗೆ ಗಾಳಿಯಿಂದ ಅಂಟಿಕೊಳ್ಳುವ ಪ್ಲಾಸ್ಟಿಕ್ ಹಿಡಿಕೆಗಳನ್ನು ದಯವಿಟ್ಟು ಹಾಕಬೇಡಿ. ಟವೆಲ್ ಹಾಕುವ ಕಂಬಿಯನ್ನೇ ಹಿಡಿದು ಏಳುವ ಅಭ್ಯಾಸ ಇದ್ದರೆ ಆ ಕಂಬಿಯನ್ನು ತೆಗೆದು, ಅದೇ ಜಾಗದಲ್ಲಿ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಹಿಡಿಕೆ ಹಾಕಿ. ಹಾಕಿದ ಮೇಲೆ ನೀವೇ ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಿ.

ಕಮೋಡಿನ ಸೀಟು ನೆಲದಿಂದ 43ರಿಂದ 48 ಸೆಂಟಿಮೀಟರ್ ಇದ್ದರೆ ಬಹುತೇಕರಿಗೆ ಏಳುವುದು ಸಲೀಸು. ತಗ್ಗಾಗಿದ್ದರೆ ಕಮೋಡು ಬದಲಿಸಬೇಕಿಲ್ಲ, ಮೇಲೆ ಕೂರಿಸುವ ಎತ್ತರದ ಸೀಟು ಸಾಕು. ಸ್ನಾನಕ್ಕೆ ರಬ್ಬರ್ ಕಾಲಿನ ಸ್ಟೂಲು ಕೊಡಿ. ನಲ್ಲಿಯಲ್ಲಿ ಬರುವ ಬಿಸಿನೀರು 49 ಡಿಗ್ರಿ ಸೆಲ್ಸಿಯಸ್ ಮೀರದಂತೆ ಗೀಸರ್ ಇಡಿ, ಯಾಕೆಂದರೆ ವಯಸ್ಸಾದ ಚರ್ಮ ಬೇಗ ಸುಡುತ್ತದೆ, ಕೈ ಹಿಂದೆಳೆದುಕೊಳ್ಳುವುದು ನಿಧಾನ.

ಹಾಸಿಗೆಯಿಂದ ಟಾಯ್ಲೆಟ್ಟಿಗೆ ಹೋಗುವ ದಾರಿಯನ್ನು ರಾತ್ರಿ, ದೀಪ ಆರಿಸಿ, ನೀವೇ ಒಮ್ಮೆ ನಡೆದು ನೋಡಿ. ಕಾಲಿಗೆ ತೊಡರುವ ವೈರು, ಮಡಚಿಕೊಂಡ ಕಾಲೊರಸು, ಹೊಸ್ತಿಲಿನ ಅಂಚು ಎಲ್ಲ ಆಗಲೇ ಗೊತ್ತಾಗುತ್ತವೆ. ಆ ದಾರಿಗೆ ಕತ್ತಲಾದಾಗ ತಾನಾಗಿ ಹತ್ತುವ ಚಿಕ್ಕ ದೀಪ ಎರಡು ಮೂರು ಸಾಕು. ವಾಕರ್ ಅಥವಾ ಗಾಲಿಕುರ್ಚಿ ಇದ್ದರೆ ಬಾಗಿಲಿನ ತೆರೆದ ಅಗಲ ಸುಮಾರು 81 ಸೆಂಟಿಮೀಟರ್ ಬೇಕು. ಬಾಗಿಲಿಗೆ ಹೊರಕ್ಕೆ ಸರಿಯುವ ಕೀಲು ಹಾಕಿದರೆ ಗೋಡೆ ಒಡೆಯದೆ ಕೆಲವು ಸೆಂಟಿಮೀಟರ್ ಸಿಗುತ್ತದೆ. ರ‍್ಯಾಂಪ್ ಹಾಕುವುದಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಜಾಗವಿಲ್ಲ ಎಂದು ಕಡಿದಾಗಿ ಕಟ್ಟಿದ ರ‍್ಯಾಂಪು ಮೆಟ್ಟಿಲಿಗಿಂತ ಅಪಾಯ. ಚಳಿಯ ಪ್ರದೇಶವಾದರೆ ಒಳಗಿನ ತಾಪ 18 ಡಿಗ್ರಿಗಿಂತ ಇಳಿಯಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಬಿಲ್ಲಿನ ಭಯಕ್ಕೆ ಹೀಟರ್ ಹಾಕದೆ ಕೂರುವವರು ಕಡಿಮೆ ಆದಾಯದವರಲ್ಲಿ ಬಹಳ.

ಇದನ್ನೆಲ್ಲ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಮಾಡಿಸುವ ಬದಲು ಇಡೀ ಕಟ್ಟಡಕ್ಕೆ ಒಟ್ಟಿಗೆ ಮಾಡಿಸುವುದು ಅಗ್ಗ. ಸಿಂಗಪುರದ ಸರ್ಕಾರಿ ವಸತಿ ಮಂಡಳಿ 2012ರಿಂದ ಹಿಡಿಕೆ, ಜಾರದ ನೆಲ, ರ‍್ಯಾಂಪುಗಳನ್ನು ಹಿರಿಯರ ಮನೆಗಳಿಗೆ ಭಾರಿ ರಿಯಾಯಿತಿಯಲ್ಲಿ ಹಾಕಿಸಿಕೊಡುತ್ತಿದೆ.

ಹಂತ 4: ಬೀಳುವುದನ್ನು ತಡೆಯಿರಿ, ಬಿದ್ದರೆ ಏಳುವುದನ್ನು ಕಲಿಸಿ

65 ದಾಟಿದವರಲ್ಲಿ ಸುಮಾರು ಮೂರಕ್ಕೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ವರದಿ ಹೇಳುತ್ತದೆ. ವಯಸ್ಸಾಯಿತಲ್ಲ ಎಂದು ಬಿಟ್ಟುಬಿಡುವಂಥದ್ದಲ್ಲ ಇದು.

ಮೂರು ಮೀಟರ್ ದೂರದಲ್ಲಿ ನೆಲಕ್ಕೊಂದು ಗುರುತು ಹಾಕಿ. ಕುರ್ಚಿಯಿಂದ ಎದ್ದು, ಎಂದಿನ ನಡಿಗೆಯಲ್ಲಿ ಆ ಗುರುತಿನವರೆಗೆ ಹೋಗಿ, ತಿರುಗಿ ಬಂದು ಕೂರಲು ಹೇಳಿ. ಹನ್ನೆರಡು ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ತಿಳಿದು ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿ. ಪರೀಕ್ಷೆ ಮಾಡುವಾಗ ಪಕ್ಕದಲ್ಲೇ ನಿಂತಿರಿ.

ಬಿದ್ದು ಭಯಪಟ್ಟವರು ನಡೆಯುವುದನ್ನೇ ಕಡಿಮೆ ಮಾಡುತ್ತಾರೆ, ನಡೆಯದೆ ಕಾಲು ಸೋಲುತ್ತದೆ, ಸೋತ ಕಾಲು ಮತ್ತೆ ಬೀಳಿಸುತ್ತದೆ. ಇದನ್ನು ಮುರಿಯಲು ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ವ್ಯಾಯಾಮ ಕ್ರಮ ಮನೆಯಲ್ಲೇ ಮಾಡುವಂಥದ್ದು, ಅದನ್ನು ಮಾಡಿದವರಲ್ಲಿ ಬೀಳುವ ಸಂಖ್ಯೆ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ವಾರಕ್ಕೆ ಮೂರು ಸಲ, ಕಟ್ಟಡದ ವರಾಂಡದಲ್ಲಿ, ಗಟ್ಟಿ ಕುರ್ಚಿಯ ಬೆನ್ನು ಹಿಡಿದು ಮಾಡಿಸಿ. ಜೊತೆಗಿಷ್ಟು ಮಾತೂ ಆಗುತ್ತದೆ.

ಕನ್ನಡಕವನ್ನೂ ನೋಡಿ. ದೂರಕ್ಕೂ ಓದುವುದಕ್ಕೂ ಒಂದೇ ಗಾಜಿರುವ ಕನ್ನಡಕದಲ್ಲಿ ಕೆಳಗೆ ನೋಡಿದರೆ ಮೆಟ್ಟಿಲು ಮಸುಕಾಗುತ್ತದೆ, ಹೊರಗೆ ಹೋಗುವಾಗ ದೂರದ್ದನ್ನಷ್ಟೇ ಹಾಕುವುದು ಒಳ್ಳೆಯದು.

ಬಿದ್ದ ಮೇಲೆ ಗಂಟೆಗಟ್ಟಲೆ ನೆಲದಲ್ಲೇ ಉಳಿಯುವುದು ಬಿದ್ದದ್ದಕ್ಕಿಂತ ಕೆಡುಕು. ಮೈ ತಣ್ಣಗಾಗುತ್ತದೆ, ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ನೋವಿಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಕೈ ಮಂಡಿ ಊರಿ, ಗಟ್ಟಿ ಕುರ್ಚಿಯವರೆಗೆ ತೆವಳಿ, ಸೀಟಿನ ಮೇಲೆ ಕೈಯಿಟ್ಟು, ಬಲವಿರುವ ಕಾಲನ್ನು ಮುಂದಿಟ್ಟು ಏಳುವುದನ್ನು ಚೆನ್ನಾಗಿರುವಾಗಲೇ ಅಭ್ಯಾಸ ಮಾಡಿಸಿ. ಕುತ್ತಿಗೆಗೆ ಹಾಕುವ ಅಲಾರಂ ಬಟನ್ ಇದ್ದರೆ ಸ್ನಾನದಲ್ಲೂ ತೆಗೆಯಬಾರದು. ಇಲ್ಲದಿದ್ದರೆ ಫೋನನ್ನು ನೆಲದಿಂದ ಕೈಗೆಟುಕುವ ಎತ್ತರದಲ್ಲಿಡಿ.

ಹಂತ 5: ಮಾತ್ರೆಗಳನ್ನೆಲ್ಲ ಒಂದು ಟೇಬಲ್ಲಿನ ಮೇಲೆ ಸುರಿಯಿರಿ

ಡಬ್ಬಿ, ಕವರು, ದಿಂಬಿನ ಕೆಳಗಿನದು, ಪಕ್ಕದ ಮನೆಯವರು ಕೊಟ್ಟದ್ದು, ಯಾವುದನ್ನೂ ಬಿಡದೆ ಒಂದೆಡೆ ಹಾಕಿ, ಪಟ್ಟಿ ಬರೆದು ಡಾಕ್ಟರಿಗೋ ಫಾರ್ಮಸಿಸ್ಟಿಗೋ ತೋರಿಸಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ, ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಅಪಾಯ. ಹಿರಿಯರಿಗೆ ತಕ್ಕದ್ದಲ್ಲದ ಔಷಧಿಗಳ ಬೀರ್ಸ್ ಪಟ್ಟಿ 1991ರಿಂದ ಇದೆ. ನಿದ್ದೆಮಾತ್ರೆಗಳು, ನಿದ್ದೆ ಬರಿಸುವ ಕೆಲವು ಹಳೆಯ ಅಲರ್ಜಿ ಮಾತ್ರೆಗಳು ಅದರಲ್ಲಿವೆ. ಮಲಗಿದಾಗ ಒಮ್ಮೆ, ಎದ್ದು ನಿಂತು ಒಂದು ಮತ್ತು ಮೂರನೇ ನಿಮಿಷಕ್ಕೆ ಮತ್ತೊಮ್ಮೆ ಬಿಪಿ ನೋಡಲು ನರ್ಸ್‌ಗೆ ಹೇಳಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ಡಾಕ್ಟರಿಗೆ ತಿಳಿಸಲೇಬೇಕು. ಕಣ್ಣು ಕತ್ತಲೆ ಬಂದು ಬೀಳುವವರಲ್ಲಿ ಎಷ್ಟೋ ಜನರ ಕಾರಣ ಇಲ್ಲಿರುತ್ತದೆ.

ದುಡ್ಡು ಉಳಿಸಲು ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದಾರಾ ಎಂದೂ ಕೇಳಿ. ಗದರಿಸದೆ ಕೇಳಿದರೆ ಹೇಳುತ್ತಾರೆ.

ಹಂತ 6: ಬಾಡಿಗೆ, ಕಾಗದ, ಹಣ

ಆರೋಗ್ಯ ಸರಿಯಿದ್ದೂ ಕಾಗದದಿಂದ ಮನೆ ಕಳೆದುಕೊಂಡವರಿದ್ದಾರೆ. ರಿಯಾಯಿತಿ ಬಾಡಿಗೆಯ ಮನೆಗಳಲ್ಲಿ ಆಗಾಗ ಆದಾಯದ ದಾಖಲೆ ಕೊಡಬೇಕಾಗುತ್ತದೆ. ಕಣ್ಣು ಕಾಣದವರಿಗೆ, ನೆನಪು ಕೈಕೊಡುತ್ತಿರುವವರಿಗೆ ಆ ಒಂದು ಪತ್ರ ಸಾಕು ಸಿಕ್ಕಿಹಾಕಿಸಲು. ಪ್ರತಿಯೊಬ್ಬರ ಹೆಸರಿನ ಮುಂದೆ ಯಾವ ತಿಂಗಳು ಯಾವ ದಾಖಲೆ ಎಂಬ ಕ್ಯಾಲೆಂಡರ್ ಇಡಿ. ಎರಡು ತಿಂಗಳು ಮೊದಲೇ ಹೋಗಿ ಪಕ್ಕದಲ್ಲಿ ಕೂತು ಕಾಗದಗಳನ್ನು ಜೋಡಿಸಿ. ಗುರುತಿನ ಚೀಟಿ, ಪಿಂಚಣಿ ಪತ್ರ, ಬಾಡಿಗೆ ಒಪ್ಪಂದ, ವಿಮೆ ಎಲ್ಲ ಒಂದೇ ಬಣ್ಣದ ಫೈಲಿನಲ್ಲಿ, ಅವರು ಹೇಳಿದ ಜಾಗದಲ್ಲಿ ಇರಲಿ.

ಬಾಡಿಗೆ ಒಂದು ತಿಂಗಳು ತಪ್ಪಿದರೆ ಮೊದಲು ಹೋಗಬೇಕಾದದ್ದು ನೋಟಿಸಲ್ಲ, ಮನುಷ್ಯರು. ಆಫೀಸಿನವರೊಂದಿಗೆ ಇದನ್ನು ಒಪ್ಪಂದ ಮಾಡಿಕೊಳ್ಳಿ. ವರ್ಷಗಟ್ಟಲೆ ಒಂದನೇ ತಾರೀಕಿಗೆ ಕಟ್ಟುತ್ತಿದ್ದವರು ಈಗ ತಪ್ಪಿಸಿದ್ದಾರೆ ಅಂದರೆ ಕಾಯಿಲೆಯೋ, ಮರೆವೋ, ಯಾರೋ ಹಣ ಲಪಟಾಯಿಸುತ್ತಿರುವುದೋ ಇರುತ್ತದೆ. ಹಣ ಕೀಳುವವರು ಫೋನಿನಲ್ಲಿ ಬರುವ ಮೋಸಗಾರರೇ ಆಗಬೇಕಿಲ್ಲ, ಸ್ವಂತದವರೂ ಇರುತ್ತಾರೆ. ಹಾಗಾಗಿ ಹಣದ ಮಾತನ್ನು ಅವರೊಬ್ಬರೇ ಇರುವಾಗ ಆಡಿ. ನೀವು ಅವರ ಎಟಿಎಂ ಪಿನ್ ಯಾವತ್ತೂ ಕೇಳಬೇಡಿ, ಅವರಾಗಿ ಹೇಳಬಂದರೂ ಬೇಡ ಅನ್ನಿ.

ಮನೆ ತುಂಬ ಸಾಮಾನು ಪೇರಿಸಿಕೊಂಡಿದ್ದಾರೆ ಎಂದು ಆಫೀಸಿನವರು ಖಾಲಿ ಮಾಡಿಸಲು ಹೊರಟರೆ ಅವರಲ್ಲಿ ಸಮಯ ಕೇಳಿ. ಒಂದೇ ದಿನ ಎಲ್ಲ ಎತ್ತಿ ಎಸೆದರೆ ಆ ಜೀವ ನೊಂದುಹೋಗುತ್ತದೆ, ಕೆಲವೇ ತಿಂಗಳಲ್ಲಿ ಮನೆ ಮತ್ತೆ ತುಂಬುತ್ತದೆ. ಮೊದಲು ಒಲೆಯ ಸುತ್ತ, ಬಾಗಿಲಿನ ದಾರಿ, ಹಾಸಿಗೆಯ ಪಕ್ಕ ಇಷ್ಟನ್ನು ಅವರ ಕೈಯಿಂದಲೇ ತೆರವು ಮಾಡಿಸಿ.

ಹಂತ 7: ಜೊತೆ, ಊಟ, ನೆನಪು

ಒಂಟಿಯಾಗಿ ಇರುವವರು ಅಡುಗೆ ಮಾಡುವುದನ್ನು ನಿಲ್ಲಿಸುವುದು ಕೈಲಾಗದೆ ಮಾತ್ರವಲ್ಲ, ಯಾರಿಗಾಗಿ ಮಾಡಲಿ ಎಂಬ ಬೇಸರಕ್ಕೆ. ವಾರಕ್ಕೆರಡು ಸಲ ಎಲ್ಲರೂ ಕೂತು ಉಣ್ಣುವ ಒಂದು ಮೇಜು ಕಟ್ಟಡದಲ್ಲಿದ್ದರೆ, ಯಾರು ಬರಲಿಲ್ಲ ಎಂಬುದೂ ಆಗಲೇ ತಿಳಿಯುತ್ತದೆ. ಬಟ್ಟೆ ಸಡಿಲವಾಗುತ್ತಿದ್ದರೆ ತೂಕ ನೋಡಿ. ಹಲ್ಲಿನ ಸೆಟ್ಟು ಸರಿಯಿಲ್ಲದೆ ಊಟ ಬಿಟ್ಟವರನ್ನೂ ಕಂಡಿದ್ದೇನೆ.

ಕೆಲವರಿಗೆ ಗುಂಪು ಬೇಡ. ಅವರನ್ನು ಎಳೆದು ತರಬೇಡಿ, ಅವರ ಕೈಗೆ ಒಂದು ಕೆಲಸ ಕೊಡಿ. ಗಿಡಕ್ಕೆ ನೀರು, ಬೆಳಗಿನ ಕರೆಯ ಸರದಿ. ಅಕ್ಕಪಕ್ಕದ ಇಬ್ಬರು ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಫೋನ್ ಮಾಡುವುದು, ಎತ್ತದಿದ್ದರೆ ಕೋಆರ್ಡಿನೇಟರ್‌ಗೆ ತಿಳಿಸುವುದು ಎಂಬ ಏರ್ಪಾಡಿಗೆ ಖರ್ಚೇ ಇಲ್ಲ.

ಮರೆವು ನಿಧಾನವಾಗಿ ಬರುತ್ತಿದ್ದರೆ ತಾನಾಗಿ ಆರುವ ಒಲೆ, ದೊಡ್ಡ ಅಕ್ಷರದ ಗಡಿಯಾರ, ಬಾಗಿಲಿಗೆ ಗುರುತು ಇವು ಸ್ವಲ್ಪ ಕಾಲ ಕಾಪಾಡುತ್ತವೆ. ಒಂದೆರಡು ದಿನದಲ್ಲೇ ಗೊಂದಲ ಶುರುವಾಗಿದ್ದರೆ ಮಾತ್ರ ಅದು ಮರೆವಲ್ಲ. ಸೋಂಕು, ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ ಏನೋ ಇರುತ್ತದೆ, ಅದೇ ದಿನ ಡಾಕ್ಟರಿಗೆ ತೋರಿಸಿ.

ಹಂತ 8: ಆಸ್ಪತ್ರೆಯಿಂದ ಮನೆಗೆ ಬರುವ ದಿನ

ಮನೆ ಕೈತಪ್ಪಿಹೋಗುವ ಭಯ ಹೆಚ್ಚಿರುವುದು ಆಸ್ಪತ್ರೆಗೆ ಸೇರಿದಾಗ. ಒಂದು ವಾರ ಹಾಸಿಗೆಯಲ್ಲಿ ಮಲಗಿದರೂ ಕಾಲಿನ ಬಲ ಸೋರಿಹೋಗುತ್ತದೆ, ಇವರಿನ್ನು ಒಂಟಿಯಾಗಿ ಇರಲಾರರು ಎಂದು ಎಲ್ಲರೂ ಅವಸರದಲ್ಲಿ ತೀರ್ಮಾನಿಸಿಬಿಡುತ್ತಾರೆ. ಆ ತೀರ್ಮಾನವನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಮಾಡಬೇಡಿ. ಕೆಲವು ವಾರ ವ್ಯಾಯಾಮ, ನೆರವು ಕೊಟ್ಟು ನೋಡಿದ ಮೇಲೆ ಅವರೊಂದಿಗೇ ಕೂತು ಮಾತಾಡಿ. ಆಮೇಲೂ ಮನೆ ಸರಿಹೋಗುವುದಿಲ್ಲ ಅನಿಸಿದರೆ ಬೇರೆ ಜಾಗವನ್ನು ಅವರೇ ನೋಡಿ ಆರಿಸಲಿ.

ಸೇರಿಸಿದ ದಿನವೇ ನಿಮ್ಮ ಹೆಸರು, ನಂಬರನ್ನು ವಾರ್ಡಿನಲ್ಲಿ ಬರೆಸಿ, ಬಿಡುಗಡೆಗೆ ಮೊದಲು ಫೋನ್ ಮಾಡಲು ಕೇಳಿಕೊಳ್ಳಿ. ಒಮ್ಮೆ ನನಗೆ ತಿಳಿಸದೆ ಒಬ್ಬ ತಾತನನ್ನು ಶುಕ್ರವಾರ ಸಂಜೆ ಕಳಿಸಿದ್ದರು. ಸೋಮವಾರ ಹೋದರೆ ಅವರು ಹಳೆಯ ಬಿಪಿ ಮಾತ್ರೆಯನ್ನೂ ಹೊಸದನ್ನೂ ಒಟ್ಟಿಗೆ ನುಂಗುತ್ತಿದ್ದರು. ಎರಡೂ ಒಂದೇ ಔಷಧಿ, ಕಂಪನಿ ಬೇರೆ, ಬಣ್ಣ ಬೇರೆ. ಕುರ್ಚಿಯಿಂದ ಏಳಲು ಹೋದವರು ನನ್ನ ಕಣ್ಣೆದುರೇ ಓಲಾಡಿ ಮತ್ತೆ ಕೂತುಬಿಟ್ಟರು.

ಆದ್ದರಿಂದ ಮನೆಗೆ ಬಂದ 48 ಗಂಟೆಯೊಳಗೆ ಒಂದು ಭೇಟಿ ಆಗಲೇಬೇಕು. ಹಳೆಯ ಮಾತ್ರೆಗಳನ್ನೂ ಹೊಸ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ಫಾರ್ಮಸಿಸ್ಟಿಗೆ ಫೋನ್ ಮಾಡಿ, ನಿಲ್ಲಿಸಲು ಹೇಳಿದ್ದನ್ನು ಮನೆಯಿಂದ ಹೊರಗೆ ಹಾಕಿ. ಮುಂದಿನ ಮೂರು ದಿನದ ಊಟ ಯಾರು ಕೊಡುತ್ತಾರೆ, ಮುಂದಿನ ತಪಾಸಣೆ ಯಾವಾಗ, ಕರೆದುಕೊಂಡು ಹೋಗುವವರು ಯಾರು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಹಾಸಿಗೆಯಿಂದ ಟಾಯ್ಲೆಟ್ಟಿನವರೆಗೆ ಅವರ ಜೊತೆ ಒಮ್ಮೆ ನಡೆಯಿರಿ. ಇನ್ನೊಂದು ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ, ಯಾರ ಬಳಿಯೂ ಇಲ್ಲ ಅಂದರೆ ಯಾರಿಗೆ ಕೊಡೋಣ ಎಂದು ಅವರನ್ನೇ ಕೇಳಿ ಅವತ್ತೇ ಮಾಡಿಸಿ ಕೊಡಿ. ಹೊರಡುವ ಮುಂಚೆ, ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಹೇಳಿ ಬನ್ನಿ, ಆ ಹೊತ್ತಿಗೆ ಸರಿಯಾಗಿ ಹೋಗಿ ಬಾಗಿಲು ತಟ್ಟಿ.